ಹಿಮ್ಮೇಳದ ಆರು ತಂತಿ

ಸೈಕಲ್ಲಿನ ಬ್ರೇಕ್ ತಂತಿ ನೋಡಿ ಕಣ್ಣಲ್ಲಿ ನೀರು ಬಂತು ಎಂದರೆ ನೀವು ನಗುತ್ತೀರಿ. ನಗಿ, ನನ್ನದೇನೂ ಅಡ್ಡಿಯಿಲ್ಲ. ಮೊನ್ನೆ ದೇವದುರ್ಗಕ್ಕೆ ಅಕ್ಕನ ಮನೆಗೆ ಹೋದವನು ಭಾವನ ಸೈಕಲ್ಲನ್ನು ರಿಪೇರಿಗೆ ಒಯ್ದಿದ್ದೆ. ಅಂಗಡಿಯವನು ಹಳೆಯ ಬ್ರೇಕ್ ತಂತಿಯನ್ನು ಕಿತ್ತು ನನ್ನ ಕಾಲ ಬುಡಕ್ಕೆ ಎಸೆದ. ಅದರ ತುದಿಯಲ್ಲಿ ಎಳೆಗಳೆಲ್ಲ ಬಿಚ್ಚಿಕೊಂಡಿದ್ದವು. ನಾನು ಅದನ್ನು ಎತ್ತಿ, ಧೂಳು ಒರೆಸಿ, ಸುರುಳಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡೆ.

"ಅದನ್ನ ಏನ್ ಮಾಡ್ತೀರಿ ಸರ? ಕೆಟ್ಟು ಹೋಗ್ಯಾದ" ಎಂದ ಅವನು.

"ಇರ್ಲಿ ಬಿಡ್ರಿ. ಹಾಡಾಕ ಬೇಕಾಗ್ತದ" ಎಂದೆ.

ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಇಂಥವರ ಜೊತೆ ಮಾತು ಬೆಳೆಸುವುದು ಬೇಡ ಅನ್ನಿಸಿರಬೇಕು, ಗಾಳಿ ಹೊಡೆಯಲು ಹೋದ. ಆದರೆ ನಾನು ಹೇಳಿದ್ದು ಖರೆ. ನನ್ನಲ್ಲಿ ಒಂದು ಗಿಟಾರ್ ಇದೆ. ಹನ್ನೆರಡು ತಂತಿಯದು. ಅದರಲ್ಲಿ ಹನ್ನೊಂದು ತಂತಿ ಗಿಟಾರಿನವೇ. ಹನ್ನೆರಡನೆಯದು ಒಂದು ಸೈಕಲ್ಲಿನ ಬ್ರೇಕಿನದು. ಅದು ತುಕ್ಕು ಹಿಡಿದಿದೆ, ಯಾವತ್ತಾದರೂ ಹರಿಯಬಹುದು ಎಂಬ ಭಯ ನನಗೆ.

ಗಿಟಾರ್ ಎಂದ ಕೂಡಲೇ ನೀವು ಉದ್ದ ಕೂದಲು, ಕಪ್ಪು ಕನ್ನಡಕ ಎಂದೆಲ್ಲ ಕಲ್ಪನೆ ಮಾಡಿಕೊಂಡರೆ ನಾನು ಜವಾಬ್ದಾರನಲ್ಲ. ನಾನು ಮಾನ್ವಿ ತಾಲ್ಲೂಕಿನ ಕುರ್ಡಿಯವನು. ಅಪ್ಪ, ಅವ್ವ ಇಬ್ಬರೂ ಕೂಲಿ ಮಾಡಿ ನನ್ನನ್ನು ಓದಿಸಿದರು. ರಾಯಚೂರಿನಲ್ಲಿ ಐಟಿಐ ಮುಗಿಸಿ, ಶಕ್ತಿನಗರದಲ್ಲಿ ವಿದ್ಯುತ್ ಸ್ಥಾವರ ಏಳುತ್ತಿದ್ದ ಕಾಲಕ್ಕೆ ವೈರಮನ್ ಆಗಿ ಸೇರಿಕೊಂಡೆ. ತಂತಿಯ ಬಗ್ಗೆ ನನಗಿದ್ದ ವಿದ್ಯೆ ಎಂದರೆ ಒಂದೇ: ಮುಟ್ಟುವ ಮೊದಲು ಮೇನ್ ಬಂದ್ ಮಾಡಿರಬೇಕು.

ಹಾಡು ಬಲ್ಲವನು ಅಪ್ಪ. ಅವನು ದುಡಿದದ್ದೆಲ್ಲ ಬೇರೆಯವರ ಹೊಲದಲ್ಲಿ, ಹಾಡು ಮಾತ್ರ ಸ್ವಂತದ್ದು. ಕಲ್ಮಲದ ಕಡೆಯ ಒಬ್ಬ ಮುದುಕನಿಂದ ತತ್ವಪದಗಳನ್ನು ಕಲಿತಿದ್ದ. ಆ ಮುದುಕನಿಗೆ ಓದು ಬರುತ್ತಿರಲಿಲ್ಲ, ಅಪ್ಪನಿಗೂ ಬರುತ್ತಿರಲಿಲ್ಲ. ಹಾಗಾಗಿ ಆ ಪದಗಳು ಬಾಯಿಂದ ಬಾಯಿಗೆ ಬಂದವೇ ಹೊರತು ಯಾವ ಪುಸ್ತಕಕ್ಕೂ ಇಳಿದವಲ್ಲ. ಅಪ್ಪನ ಹತ್ತಿರ ಒಂದು ತಂಬೂರಿ ಇತ್ತು. ಒಣಗಿದ ಸೋರೆ ಬುರುಡೆ, ಒಂದು ಬಿದಿರು, ಒಂದೇ ಒಂದು ತಂತಿ. ಆ ತಂತಿ ಅಂಗಡಿಯದಲ್ಲ. ಸೈಕಲ್ಲಿನ ಬ್ರೇಕ್ ತಂತಿಯಿಂದ ಒಂದು ಎಳೆ ಬಿಡಿಸಿ, ಬೂದಿ ಹಚ್ಚಿ ಉಜ್ಜಿ, ಅಪ್ಪನೇ ಏರಿಸಿದ್ದು. ಕುರ್ಡಿಯಲ್ಲಿ ಯಾರಾದರೂ ಸೈಕಲ್ಲಿಗೆ ಹೊಸ ಬ್ರೇಕ್ ಹಾಕಿಸಿದರೆ ಹಳೆಯ ತಂತಿ ನಮ್ಮ ಮನೆಗೆ ಬರುತ್ತಿತ್ತು. ಮಂದಿ ಮಜ್ಜಿಗೆ ಕೊಟ್ಟು ಹೋದಂತೆ ಕೊಟ್ಟು ಹೋಗುತ್ತಿದ್ದರು.

ಅಪ್ಪನ ಹಾಡಿಗೆ ನಾನು ಬೇಕಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮುಂದೆ ಕೂತವನು ಸಾಲನ್ನು ಎತ್ತುತ್ತಾನೆ. ಸಾಲಿನ ಕೊನೆ ಬರುತ್ತಲೇ ಪಕ್ಕದಲ್ಲಿ ಕೂತವನು ಆ ಕೊನೆಯ ಮಾತನ್ನು ಹಿಡಿದು ಎಳೆಯಬೇಕು. ಅಷ್ಟರಲ್ಲಿ ಮುಂದೆ ಕೂತವನು ಉಸಿರು ತೆಗೆದುಕೊಂಡು ಮುಂದಿನ ಸಾಲಿಗೆ ಸಿದ್ಧನಾಗುತ್ತಾನೆ. ಇದಕ್ಕೆ ನಮ್ಮಲ್ಲಿ ಸೊಲ್ಲು ಹಿಡಿಯುವುದು ಎನ್ನುತ್ತಾರೆ. ನನಗೆ ಐದು ವರ್ಷವಾದಾಗಿನಿಂದ ಅಪ್ಪನ ಸೊಲ್ಲು ಹಿಡಿಯುವವನು ನಾನೇ. ಒಂದು ಪದದಲ್ಲಿ ನನ್ನ ಪಾಲಿಗೆ ಬಂದದ್ದು "ಕೊಡ ತುಂಬಲಿಲ್ಲೋ" ಎಂಬ ಎರಡು ಮಾತು. ಯಾರ ಕೊಡ, ಯಾವ ಬಾವಿ, ಯಾಕೆ ತುಂಬಲಿಲ್ಲ, ಅದೆಲ್ಲ ಅಪ್ಪನ ಪಾಲಿನದು. ನಾನು ಕೇಳಿದವನಲ್ಲ. ಪಕ್ಕದಲ್ಲೇ ಅಪ್ಪ ಇರುವಾಗ ಸಾಲಿನ ಮೊದಲರ್ಧವನ್ನು ನೆನಪಿಟ್ಟುಕೊಳ್ಳುವ ಉಸಾಬರಿ ಯಾರಿಗೆ ಬೇಕು? ಸೊಲ್ಲು ಬರುವ ತನಕ ನನ್ನ ಗಮನವೆಲ್ಲ ಭಜನೆಯಲ್ಲಿ ಹಂಚಲು ಇಟ್ಟ ಮಂಡಕ್ಕಿಯ ಮೇಲೆ ಇರುತ್ತಿತ್ತು. ಸೊಲ್ಲು ಬಂದರೆ ಕಿವಿ ತಾನೇ ಎಚ್ಚರಾಗಿ ಬಾಯಿ ತೆರೆಯುತ್ತಿತ್ತು.

ಇದೆಲ್ಲ ನಿಂತದ್ದು ಮಾನ್ವಿಯ ಬಸ್ ಸ್ಟ್ಯಾಂಡಿನಲ್ಲಿ. ನಾನು ಆ ವರ್ಷ ಮಾನ್ವಿಯ ಹೈಸ್ಕೂಲಿಗೆ ಸೇರಿದ್ದೆ. ಅಕ್ಕನನ್ನು ದೇವದುರ್ಗಕ್ಕೆ ಕೊಟ್ಟಿತ್ತು. ಅವರ ಓಣಿಯಲ್ಲಿ ಹಾಡಲು ಅಪ್ಪನನ್ನು ಕರೆದಿದ್ದರು. ಬಸ್ಸು ಬರುವುದು ತಡವಾಯಿತು. ಅಪ್ಪ ಬೇವಿನ ಮರದ ಕೆಳಗೆ ಟವೆಲ್ ಹಾಸಿ ಕೂತು, ಸುಮ್ಮನೆ ಕೂರಲಾರದೆ ತಂಬೂರಿ ಮೀಟಿದ. ಒಂದು ಸಾಲು ಎತ್ತಿದ. ನಾನು ಸೊಲ್ಲು ಹಿಡಿದೆ. ಎರಡನೆಯ ಸಾಲಿಗೆ ಯಾರೋ ಒಬ್ಬರು ನಮ್ಮ ಮುಂದೆ ನಿಂತು ಟವೆಲ್ಲಿನ ಮೇಲೆ ಹತ್ತು ಪೈಸೆ ಹಾಕಿದರು. ಅವರ ಕೈ ಹಿಡಿದುಕೊಂಡು ನಿಂತವನು ನನ್ನ ಕ್ಲಾಸಿನವನು.

ಅಪ್ಪ ಹಾಡು ನಿಲ್ಲಿಸಿ ಆ ನಾಣ್ಯವನ್ನು ಎತ್ತಿ ಹಿಡಿದ. "ಯಪ್ಪಾ, ನಿಮ್ದು ಬಿದ್ದದ ನೋಡ್ರಿ" ಎಂದು ನಗುತ್ತ ಅವರ ಕೈಗೇ ಕೊಟ್ಟ. ಅವರು ನಾಚಿಕೊಂಡು ಹೋದರು. ಅಪ್ಪ ಬಿಟ್ಟಲ್ಲಿಂದಲೇ ಸಾಲನ್ನು ಎತ್ತಿದ. ಸೊಲ್ಲು ಬಂತು. ನನ್ನ ಬಾಯಿ ತೆರೆಯಲಿಲ್ಲ. ಕ್ಲಾಸಿನ ಹುಡುಗ ತಿರುಗಿ ತಿರುಗಿ ನೋಡುತ್ತಿದ್ದ. ನಾನು ಬಸ್ಸು ಬರುವ ದಾರಿ ನೋಡುತ್ತ ಕೂತೆ.

ದೇವದುರ್ಗದಲ್ಲಿ ಕೂಡ ಹಾಡಲಿಲ್ಲ. "ಗಂಟಲು ಒಡದದ ಯಪ್ಪಾ" ಎಂದು ನೆಪ ಹೇಳಿದೆ. ಆ ವಯಸ್ಸಿಗೆ ನಂಬುವಂಥ ನೆಪವೇ.

"ಹೌದಾ? ಒಡದ ಗಂಟಲ ಕೂಡಾಕ ಟೈಮ್ ಹಿಡೀತದ. ಕೂಡಲಿ. ಅವಸರಿಲ್ಲ" ಎಂದ ಅಪ್ಪ.

ಅವಸರಿಲ್ಲ ಎಂಬುದು ಅಪ್ಪನ ಮಾತು. ಹಸಿದಾಗಲೂ ಅದನ್ನೇ ಹೇಳುತ್ತಿದ್ದ. ನನ್ನ ಗಂಟಲು ಆ ವರ್ಷವೇ ಕೂಡಿತು. ಅಪ್ಪನಿಗೆ ಮಾತ್ರ ನಾನು ಅದನ್ನು ತಿಳಿಸಲಿಲ್ಲ, ಅವನೂ ಕೇಳಲಿಲ್ಲ. ಊರಿನ ಭಜನೆಯಲ್ಲಿ ಬೇರೆಯವರು ಸೊಲ್ಲು ಹಿಡಿಯತೊಡಗಿದರು. ಆದರೂ ಅಪ್ಪ ಕೂರುವಾಗ ಎಡಕ್ಕೆ ಒಬ್ಬರು ಕೂರುವಷ್ಟು ಜಾಗ ಬಿಟ್ಟೇ ಕೂರುತ್ತಿದ್ದ ಎಂದು ಅವ್ವ ಹೇಳುತ್ತಿದ್ದಳು.

ನನಗೆ ಕೆಲಸ ಸಿಕ್ಕ ಹೊಸತರಲ್ಲಿ ಅಪ್ಪನ ತಂಬೂರಿ ಒಡೆಯಿತು. ದೇವದುರ್ಗದಿಂದ ಬರುವಾಗ ಬಸ್ಸಿನ ಟಾಪಿನ ಮೇಲೆ ಇಟ್ಟಿದ್ದರಂತೆ, ಯಾರೋ ಅದರ ಮೇಲೆ ಶೇಂಗಾ ಚೀಲ ಎಸೆದರಂತೆ. ಅಪ್ಪ ಸೀಳಿದ ಬುರುಡೆಗೆ ಬಟ್ಟೆ ಸುತ್ತಿ ಡಾಂಬರು ಮೆತ್ತಿದ. ಮೆತ್ತಿದ ಮೇಲೆ ಅದು ನುಡಿಯುವುದನ್ನು ಬಿಟ್ಟು ಕೆಮ್ಮತೊಡಗಿತು. ನಾನು ಊರಿಗೆ ಹೋದಾಗ ಅಪ್ಪ ಅದನ್ನು ತೋರಿಸಿ ನಕ್ಕ. ಹೊರಡುವಾಗ ಬಸ್ಸಿನ ತನಕ ಬಂದು, ಬೇರೆ ಏನೋ ಮಾತಾಡುತ್ತ ಮಾತಾಡುತ್ತ ಹೇಳಿದ: "ರಾಯಚೂರಿಗೆ ಹೋದಾಗ ಒಂದು ತಂಬೂರಿ ನೋಡಪ. ಅವಸರಿಲ್ಲ."

ನಾನು ಹುಟ್ಟಿದಾಗಿನಿಂದ ಅಪ್ಪ ನನ್ನನ್ನು ಕೇಳಿದ್ದು ಅದೊಂದೇ.

ಸಂಬಳ ಬಂದ ಭಾನುವಾರವೇ ರಾಯಚೂರಿಗೆ ಹೋದೆ. ಇದನ್ನು ನನ್ನ ಪರವಾಗಿ ಬರೆದುಕೊಳ್ಳಿ, ಮುಂದೆ ಬರೆದುಕೊಳ್ಳಲು ಏನೂ ಸಿಗುವುದಿಲ್ಲ. ತೀನ್ ಕಂದೀಲಿನ ಹತ್ತಿರದ ಓಣಿಯಲ್ಲಿ ಒಬ್ಬ ಮುದುಕರು ಹಾರ್ಮೋನಿಯಂ, ತಬಲಾ ರಿಪೇರಿ ಮಾಡುತ್ತಿದ್ದರು. ಎಲ್ಲರೂ ಚಾಚಾ ಎನ್ನುತ್ತಿದ್ದರು. ಗೋಡೆಗೆ ಎರಡು ತಂಬೂರಿ ತೂಗುಬಿದ್ದಿದ್ದವು. ಒಂದನ್ನು ಕೆಳಗಿಳಿಸಿ ನನ್ನ ಕೈಗೆ ಕೊಟ್ಟರು. ಚಲೋ ಬುರುಡೆ, ನುಣ್ಣಗಿನ ಬಿದಿರು. ನಾನು ಅದನ್ನು ಹೆಗಲಿಗೆ ಹಚ್ಚಿ ನೋಡಿದೆ. ಎದುರಿಗೆ ಒಂದು ಕನ್ನಡಿ ಇತ್ತು. ಕನ್ನಡಿಯಲ್ಲಿ ಮಾನ್ವಿ ಬಸ್ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಕೂತವನು ಕಂಡ. ಇದನ್ನು ಹೊತ್ತು ಬಸ್ಸು ಹತ್ತಬೇಕು, ಶಕ್ತಿನಗರದಲ್ಲಿ ಇಳಿಯಬೇಕು, ಕ್ವಾರ್ಟರ್ಸಿನ ಸಾಲು ಮನೆಗಳ ಮುಂದೆ ನಡೆದು ಹೋಗಬೇಕು. ಯಾರಾದರೂ ಕೈಯಲ್ಲಿ ಹತ್ತು ಪೈಸೆ ಇಟ್ಟರೆ?

ಆಗ ಮೂಲೆಯಲ್ಲಿ ಅದು ಕಂಡಿತು. ಗಿಟಾರ್ ಎಂದು ಗೊತ್ತಾಯಿತು. ಟೌನ್‌ಷಿಪ್ಪಿನ ಕ್ಲಬ್ಬಿನಲ್ಲಿ ಒಬ್ಬ ಎಂಜಿನಿಯರು ಗಿಟಾರ್ ನುಡಿಸುವಾಗ ಕಿಟಕಿಯಾಚೆಯಿಂದ ನೋಡಿದ್ದೆ. ಅವರ ಸುತ್ತ ಮಂದಿ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಆದರೆ ಈ ಗಿಟಾರಿನ ತಲೆ ಬಲು ಉದ್ದ. ಬಿರಡೆಗಳನ್ನು ಎಣಿಸಿದೆ, ಹನ್ನೆರಡು.

"ಇದ್ಯಾಕ ಚಾಚಾ, ಹನ್ನೆರಡು ತಂತಿ?"

"ಯಾರಿಗೆ ಗೊತ್ತಪ್ಪ! ಹೈದರಾಬಾದಿಂದ ಬಂದಾವ ಒಬ್ಬ ಇಟ್ಟು ಹೋದ. ಮಾರಿ ಬಿಡು ಅಂದ. ಇದು ನಮ್ಮ ಕಸುಬಲ್ಲ. ಬಾರಿಸಿ ನೋಡ್ರಿ ಬೇಕಾದ್ರ."

ಬೆರಳನ್ನು ಮೇಲಿನಿಂದ ಕೆಳಗೆ ಎಳೆದೆ. ಶ್ರುತಿ ಎಲ್ಲ ಕೆಟ್ಟಿತ್ತು ಅನ್ನುವುದು ಈಗ ಗೊತ್ತು. ಆಗ ಮಾತ್ರ ನನಗೆ ತುಂಬಿದ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದಂತೆ ಕೇಳಿಸಿತು. ತಂಬೂರಿ ನನ್ನ ಎಡಗೈಯಲ್ಲೇ ಇತ್ತು. ನಾನು ಮನಸ್ಸಿನಲ್ಲೇ ಒಂದು ವಾದ ಹೂಡಿದೆ. ಅಪ್ಪನ ತಂಬೂರಿಗೆ ಒಂದು ತಂತಿ, ಇದಕ್ಕೆ ಹನ್ನೆರಡು. ಅಂದರೆ ಇದರೊಳಗೆ ಹನ್ನೆರಡು ತಂಬೂರಿ ಇವೆ. ಇದನ್ನು ತೆಗೆದುಕೊಂಡರೆ ಅಪ್ಪನಿಗೂ ಆಯಿತು, ನನಗೂ ಆಯಿತು. ಇಂಥ ಲೆಕ್ಕ ನಾನು ವೈರಿಂಗಿನಲ್ಲಿ ಮಾಡಿದ್ದರೆ ಶಕ್ತಿನಗರ ಇವತ್ತಿಗೂ ಕತ್ತಲಲ್ಲಿ ಇರುತ್ತಿತ್ತು.

ತಂಬೂರಿಯನ್ನು ಚಾಚಾ ಮತ್ತೆ ಗೋಡೆಗೆ ತೂಗುಹಾಕಿದರು. "ಅಪ್ಪಾಜಿಗೆ ಅಂದಿದ್ರಲ್ಲ?" ಎಂದರು.

"ಮುಂದಿನ ತಿಂಗಳ ಒಯ್ತೀನಿ ಚಾಚಾ" ಎಂದೆ.

ಹಾಸಿಗೆಯ ಚಾದರದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ಅದಕ್ಕೆ ಲಗೇಜು ಚೀಟಿ ಹರಿಯಬೇಕೋ ಅರ್ಧ ಟಿಕೆಟ್ಟೋ ಎಂದು ಯೋಚಿಸಿ, "ಏನ್ರಿ ಇದು?" ಎಂದ. ಗಿಟಾರ್ ಎಂದೆ. "ಹೌದ್ರಿ? ಹಂಗಾದ್ರ ಮುಂದ ಇಡ್ರಿ, ಪೆಟ್ಟಾದೀತು" ಎಂದು ತಾನೇ ಜಾಗ ಮಾಡಿಕೊಟ್ಟ. ಅಪ್ಪನ ತಂಬೂರಿಗೆ ಟಾಪಿನ ಮೇಲೆ ಜಾಗ, ಇದಕ್ಕೆ ಡ್ರೈವರಿನ ಪಕ್ಕ. ಆ ದಿನ ನನಗೆ ಇದರಿಂದ ಬಲು ಹೆಮ್ಮೆಯಾಯಿತು.

ರೂಮಿಗೆ ತಂದು ದೀಪದ ಕೆಳಗೆ ಹಿಡಿದು ನೋಡಿದೆ. ತಂತಿಗಳು ಎರಡೆರಡರಂತೆ ಆರು ಜೋಡಿಯಾಗಿ ಇದ್ದವು. ಪ್ರತಿ ಜೋಡಿಯಲ್ಲೂ ಎರಡು ತಂತಿ ಒತ್ತಿಕೊಂಡು ನಿಂತಿದ್ದವು. ಯಾಕೆ ಎಂದು ನನಗೆ ಥಟ್ಟನೆ ಹೊಳೆಯಿತು. ನಮ್ಮ ಮನೆಯಲ್ಲಿ ಬೆಳೆದ ಯಾರಿಗಾದರೂ ಹೊಳೆಯುತ್ತಿತ್ತು. ಅವ್ವನ ಪದ್ಧತಿ ಅದು: ಯಾವುದೇ ವಸ್ತು ಎರಡು ಬಂದರೆ ಒಂದನ್ನು ಬಳಸುವುದು, ಒಂದನ್ನು ಟ್ರಂಕಿಗೆ ಹಾಕುವುದು. ಎರಡು ಅಂಗಿ ಹೊಲಿಸಿದರೆ ಒಂದು ಮೈಗೆ, ಒಂದು ಟ್ರಂಕಿಗೆ. ಟ್ರಂಕಿನದನ್ನು ತೆಗೆಯುವ ಹೊತ್ತಿಗೆ ಅದು ನನಗೆ ಗಿಡ್ಡವಾಗಿರುತ್ತಿತ್ತು. ಚಪ್ಪಲಿಯನ್ನು ಮಾತ್ರ ಎರಡೂ ಒಟ್ಟಿಗೆ ಮೆಟ್ಟಲು ಬಿಡುತ್ತಿದ್ದಳು, ಅದೂ ಬೇರೆ ದಾರಿಯಿಲ್ಲದೆ. ಗಿಟಾರು ಮಾಡಿದವರೂ ಅವ್ವನಂಥ ಮಂದಿಯೇ ಇರಬೇಕು, ಹರಿದರೆ ಇರಲಿ ಎಂದು ಒಂದೊಂದು ತಂತಿ ಹೆಚ್ಚಿಗೆ ಹಾಕಿ ಕೊಟ್ಟಿದ್ದಾರೆ ಎಂದುಕೊಂಡೆ. ರಾಯಚೂರಿನಲ್ಲಿ ಈ ತಂತಿ ಮತ್ತೆ ಎಲ್ಲಿ ಸಿಗಬೇಕು? ಪ್ರತಿ ಜೋಡಿಯಿಂದ ಒಂದೊಂದನ್ನು, ಹೆಚ್ಚಾಗಿ ಸಣ್ಣದನ್ನು, ಬಿಚ್ಚಿ ತೆಗೆದೆ. ಆರನ್ನೂ ಸುರುಳಿ ಸುತ್ತಿ, ಎಣ್ಣೆ ಹಚ್ಚಿದ ಕಾಗದದಲ್ಲಿ ಕಟ್ಟಿ ಟ್ರಂಕಿನ ತಳದಲ್ಲಿ ಇಟ್ಟೆ. ಹನ್ನೆರಡು ತಂತಿ ಇದೆ ಎಂದು ಆರಿಸಿ ತಂದವನು ಅದರಲ್ಲಿ ಅರ್ಧವನ್ನು ಕಟ್ಟಿಟ್ಟು ಮಲಗಿದೆ, ಅದೂ ಜಾಣತನ ಎಂದುಕೊಂಡು.

ಅಪ್ಪನಿಗೆ ಹೇಳಿದ್ದು: "ರಾಯಚೂರಾಗ ತಂಬೂರಿ ಸಿಗಲಿಲ್ಲ ಯಪ್ಪಾ."

"ಆಗ್ಲಿ ಬಿಡು. ಅವಸರಿಲ್ಲ."

ಮುಂದಿನ ತಿಂಗಳು ಬಂತು, ಹೋಯಿತು. ಅದರ ಮುಂದಿನದೂ ಹಾಗೇ. ನಾನು ಡ್ಯೂಟಿ ಮುಗಿಸಿ ಬಂದು ವರಾಂಡದಲ್ಲಿ ಕುರ್ಚಿ ಹಾಕಿ ಗಿಟಾರ್ ಹಿಡಿದು ಕೂರುತ್ತಿದ್ದೆ. ನುಡಿಸುತ್ತಿದ್ದುದು ಹಾಡೂ ಅಲ್ಲ, ವೈರಿಂಗೂ ಅಲ್ಲ. ಕಲಿಸುವವರು ಇರಲಿಲ್ಲ, ಆ ಎಂಜಿನಿಯರನ್ನು ಕೇಳುವ ಧೈರ್ಯ ನನಗಿರಲಿಲ್ಲ. ನನ್ನ ಜೊತೆ ರೂಮಿನಲ್ಲಿದ್ದವನು ಕಲ್ಮಲದ ಬಸಣ್ಣ, ನನ್ನ ಹಾಗೆಯೇ ವೈರಮನ್. ಅವನು ಪಾಪ ಸಹಿಸಿಕೊಂಡಿದ್ದ. ನಾನು ಗಿಟಾರ್ ತೆಗೆದೊಡನೆ ಬಟ್ಟೆ ಒಗೆಯಲು ಹೋಗುತ್ತಿದ್ದ. ಆ ದಿನಗಳಲ್ಲಿ ಬಸಣ್ಣನಷ್ಟು ಶುಭ್ರ ಬಟ್ಟೆ ತೊಡುವವನು ಇಡೀ ಕಾಲೊನಿಯಲ್ಲಿ ಇರಲಿಲ್ಲ. ಆದರೂ ದಾರಿಯಲ್ಲಿ ಹೋಗುವವರು ನನ್ನತ್ತ ಒಮ್ಮೆ ನೋಡಿ ಹೋಗುತ್ತಿದ್ದರಲ್ಲ, ಅಷ್ಟು ಸಾಕಾಗಿತ್ತು ನನಗೆ. ಯಾರೂ ಹತ್ತು ಪೈಸೆ ಹಾಕಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅಪ್ಪ ಹೇಳದೆ ಕೇಳದೆ ಬಂದ. ಬಗಲಲ್ಲಿ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ. ಒಳಗೆ ಬಂದು ನೀರು ಕುಡಿದು, ಗೋಡೆಗೆ ಒರಗಿಸಿಟ್ಟ ಗಿಟಾರನ್ನು ಕಂಡ. ನನಗೆ ಕುಳಿತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಇದು ನಿಂದಾ?"

"ಹೂಂ ಯಪ್ಪಾ."

"ರಾಯಚೂರಾಗ ತಂದಿ?"

"ಹೂಂ."

ಅಪ್ಪನಿಗೆ ಎಲ್ಲ ತಿಳಿಯಿತು. ತಿಳಿದದ್ದು ನನಗೂ ತಿಳಿಯಿತು. ಅವನು ಬೈದಿದ್ದರೆ ಇವತ್ತು ನಾನು ಇದನ್ನು ಬರೆಯುತ್ತಿರಲಿಲ್ಲ. ಕೈ ಒರೆಸಿಕೊಂಡು ಗಿಟಾರನ್ನು ಎತ್ತಿ, ಎಳೆಗೂಸನ್ನು ಹಿಡಿದಂತೆ ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡ. ಒಂದೊಂದೇ ತಂತಿಯನ್ನು ಮೀಟಿ ಕಿವಿಗೊಟ್ಟು ಕೇಳಿದ. ತಲೆಯ ಮೇಲಿನ ಬಿರಡೆಗಳನ್ನು ಬೆರಳಿಂದ ಸವರಿದ.

"ಈ ಆರು ಯಾಕ ಖಾಲಿ ಅದಾವ?"

"ಅವು ಹೆಚ್ಚಿನವು ಯಪ್ಪಾ. ಹರದ್ರ ಇರಲಿ ಅಂತ ಕೊಟ್ಟಾರ. ಬಿಚ್ಚಿ ಟ್ರಂಕಿನಾಗ ಇಟ್ಟೀನಿ."

ಅಪ್ಪ ಮತ್ತೊಮ್ಮೆ ಮೀಟಿದ. ಕೇಳಿದ. ಆಮೇಲೆ ಜೋರಾಗಿ ನಕ್ಕ. "ಲೇ ಹುಚ್ಚಪ್ಯಾಲಿ, ಮನಿ ಕಟ್ಟಿದಾವ ಬಾಗಿಲಾ ಇಟ್ಟಿದ್ದು ಹೋಗಿ ಬರಾಕ. ನೀ ಅದನ್ನ ಕಿತ್ತು ಅಟ್ಟದ ಮ್ಯಾಲ ಇಟ್ಟಿ ನೋಡು. ಇದು ಒಬ್ಬಂಟಿ ಹಾಡಾಕತ್ತದ, ಕೇಳವಲ್ದಾ ನಿನಗ? ಅವು ಹೆಚ್ಚಿನವಲ್ಲ. ಸೊಲ್ಲು ಹಿಡಿಯಾವು. ತಗೀ ಅವನ್ನ."

ಗಿಟಾರ್ ಎಂಬುದನ್ನು ಹುಟ್ಟಿದ ಮೇಲೆ ಮೊದಲ ಸಲ ನೋಡಿದವನು ಅವನು. ನಾನು ನಾಲ್ಕೈದು ತಿಂಗಳಿಂದ ಅದನ್ನು ಕೈಯಲ್ಲಿ ಹಿಡಿದಿದ್ದೆ.

ಇಬ್ಬರೂ ಕೂತು ಆರು ತಂತಿಗಳನ್ನು ಮತ್ತೆ ಏರಿಸಿದೆವು. ನಾನು ಬಿರಡೆ ತಿರುಗಿಸುವುದು, ಅಪ್ಪ ಕೇಳುವುದು. ಅಪ್ಪ ಬಾಯಲ್ಲಿ ತನ್ನ ಶ್ರುತಿಯನ್ನು ಗುನುಗುತ್ತ, "ಏರಲಿ, ಇನ್ನೊಂಚೂರು, ಸಾಕು" ಎನ್ನುತ್ತಿದ್ದ. ಹನ್ನೆರಡೂ ತಂತಿಗಳನ್ನು ತನ್ನ ಶ್ರುತಿಗೆ ಕರೆದು ತರುವುದು ಅವನ ಉದ್ದೇಶ. ಎಲ್ಲಕ್ಕಿಂತ ಸಣ್ಣದೊಂದು ತಂತಿ ಟಕ್ಕೆಂದು ಹರಿದು ನನ್ನ ಕೈಗೆ ಹೊಡೆಯಿತು. ಅಪ್ಪ ಸುತ್ತ ನೋಡಿದ. ವರಾಂಡದಲ್ಲಿ ಬಸಣ್ಣನ ಸೈಕಲ್ ನಿಂತಿತ್ತು. ಹಿಂದಿನ ಬ್ರೇಕ್ ಕೆಟ್ಟು, ತಂತಿ ಕಳಚಿ ಜೋಲುತ್ತಿತ್ತು. ಅಪ್ಪ ನನ್ನ ಮುಖ ನೋಡಿದ. ಬಸಣ್ಣ ತಾನೇ ಪಕ್ಕಡ್ ತಂದು ಕತ್ತರಿಸಿ ಕೊಟ್ಟ. ಒಂದು ಎಳೆ ಬಿಡಿಸಿ, ಬೂದಿ ಇಲ್ಲದ್ದಕ್ಕೆ ಪಾತ್ರೆ ತಿಕ್ಕುವ ಪುಡಿಯಿಂದ ಉಜ್ಜಿ, ಅಪ್ಪ ಅದನ್ನು ಏರಿಸಿದ. ಆಮೇಲೆ ಹನ್ನೆರಡರ ಮೇಲೂ ಒಮ್ಮೆ ಕೈ ಆಡಿಸಿದ. ನನ್ನ ರೂಮಿನಲ್ಲಿ ಅಂಥ ಸಪ್ಪಳ ಹುಟ್ಟಿದ್ದು ಅದೇ ಮೊದಲು. ದಪ್ಪ ತಂತಿಯನ್ನು ಮೀಟಿದರೆ ಪಕ್ಕದ ಸಣ್ಣದು ಅದರ ಮೇಲೆ ತೆಳ್ಳಗೆ ನುಡಿಯುತ್ತಿತ್ತು.

"ಹೊರಗ ಗಾಳಿಗೆ ಕುಂಡ್ರೂಣು ನಡಿ" ಎಂದ ಅಪ್ಪ.

ಹೊರಗೆ ವರಾಂಡದಲ್ಲಿ ಬಸಣ್ಣ ಇದ್ದ. ಅಕ್ಕಪಕ್ಕದ ಕ್ವಾರ್ಟರ್ಸಿನ ನಾಲ್ಕಾರು ಮಂದಿ ಭಾನುವಾರದ ಹರಟೆಗೆ ಕೂತಿದ್ದರು. ಅಪ್ಪ ನೆಲದ ಮೇಲೆ ಟವೆಲ್ ಹಾಸಿದ. ಅದೇ ರೀತಿ, ಬಸ್ ಸ್ಟ್ಯಾಂಡಿನಲ್ಲಿ ಹಾಸಿದ ಹಾಗೆಯೇ. ಎಡಕ್ಕೆ ಜಾಗ ಬಿಟ್ಟು ಕೂತು ಆ ಜಾಗವನ್ನು ಕೈಯಿಂದ ತಟ್ಟಿದ. ನಾನು ಕೂತೆ. ಅಪ್ಪ ಮೀಟುತ್ತ ಸಾಲನ್ನು ಎತ್ತಿದ. ಕೊಡದ ಪದ. ಸಾಲಿನ ಕೊನೆ ಬಂತು. ಅಪ್ಪ ನನ್ನತ್ತ ಮುಖ ತಿರುಗಿಸಿ ಬಿಟ್ಟುಕೊಟ್ಟ.

ಗಂಟಲಿನ ತನಕ ಬಂದಿತ್ತು. ಸುಳ್ಳು ಹೇಳುವುದಿಲ್ಲ. ನಾನು ಎದುರಿಗೆ ಕೂತವರ ಮುಖಗಳನ್ನು ನೋಡಿದೆ. ಅವರು ಕಣ್ಣು ಮಿಟುಕಿಸದೆ ನಮ್ಮನ್ನೇ ನೋಡುತ್ತಿದ್ದರು. ನಾನು ಪ್ಯಾಂಟಿನ ಮಡಿಕೆ ಸರಿಮಾಡಿಕೊಳ್ಳುತ್ತ ಕೂತೆ.

ಅಪ್ಪ ಎರಡನೆಯ ಸಾಲಿಗೆ ಹೋದ. ಅದರ ಕೊನೆಗೂ ಜಾಗ ಬಿಟ್ಟ. ಆ ಜಾಗದಲ್ಲಿ ತಂತಿಗಳು ಮಾತ್ರ ನುಡಿದವು. ಮೂರನೆಯ ಸಾಲಿನಿಂದ ಸೊಲ್ಲನ್ನೂ ತಾನೇ ಹಿಡಿಯತೊಡಗಿದ. ಉಸಿರು ತೆಗೆದುಕೊಳ್ಳಲು ಎಡೆಯೇ ಸಿಗಲಿಲ್ಲ. ನಾಲ್ಕನೆಯ ಸಾಲಿನ ನಡುವೆ ಕೆಮ್ಮು ಬಂತು. ಕೆಮ್ಮಿ, ನಕ್ಕು, ಗಿಟಾರನ್ನು ನನ್ನ ಕೈಗೆ ಕೊಟ್ಟ. "ವಯಸ್ಸಾತು ನೋಡ್ರಿ" ಎಂದು ಕೂತವರಿಗೆ ಕೈ ಮುಗಿದ.

ಸಂಜೆ ಬಸ್ಸಿಗೆ ಬಿಡಲು ಹೋದಾಗ ಹೇಳಿದ: "ನನಗ ಬ್ಯಾರೆ ತಂಬೂರಿ ಬ್ಯಾಡ ಬಿಡಪ. ಇದ ಚಲೋ ಅದ. ನನ್ನ ದನಿಗೆ ಕೂಡ್ಸೀನಿ, ಬಿರಡಿ ತಿರುವಿ ಅದರ ಕಿವಿ ಹಿಂಡಬ್ಯಾಡ. ಮತ್ತ ಬಂದಾಗ ಹಾಡೂಣು."

ಯಾವಾಗ ಬರುತ್ತೀ ಎಂದು ನಾನು ಕೇಳಿದೆ. ಏನು ಹೇಳಿದನೆಂದು ನಿಮಗೆ ಗೊತ್ತು.

ಬಸ್ಸು ಹೋದ ಮೇಲೆ ರೂಮಿಗೆ ಬಂದರೆ ಬಸಣ್ಣ ಸಿಟ್ಟಿನಲ್ಲಿ ಇದ್ದ. ಅಷ್ಟು ದಿನ ನನ್ನ ಗಿಟಾರನ್ನು ಸಹಿಸಿದವನು ಆ ದಿನ ಮೊದಲ ಸಲ ಬೈದ. "ಯಾಕಲೇ ಸುಮ್ನ ಕುಂತಿ? ನಮ್ಮ ಕಾಕಾನೂ ಹಾಡ್ತಿದ್ದ ಊರಾಗ. ಸೊಲ್ಲು ಹಿಡಿಯವರಿಲ್ಲಂದ್ರ ಹಾಡವನ ಜೀವಾ ಹ್ಯಾಂಗಾಗ್ತದ ನನಗ ಗೊತ್ತದ. ಅಲ್ಲಿ ಕುಂತವರೆಲ್ಲಾ ಇನ್ನ ಹಿಡೀತಿ, ಇನ್ನ ಹಿಡೀತಿ ಅಂತ ನಿನ್ನ ಬಾಯಿ ನೋಡಾಕತ್ತಿದ್ರು. ನಮಗ ಆ ಪದ ಗೊತ್ತಿದ್ರ ನಾವ ಹಿಡೀತಿದ್ವಿ."

ಅವರು ನನ್ನನ್ನು ನೋಡುತ್ತಿದ್ದುದು ಅದಕ್ಕೆ. ನಾನು ಏನೇನೋ ತಿಳಿದುಕೊಂಡಿದ್ದೆ. ಆ ಮಂದಿಯೂ ಕಲ್ಮಲದವರು, ದೇವದುರ್ಗದವರು, ನನ್ನಂಥ ಮನೆಗಳಿಂದಲೇ ಬಂದವರು. ಅವರ ಮನೆಯ ಗೋಡೆಗಳಿಗೂ ಒಂದೊಂದು ತಂಬೂರಿ ತೂಗುಬಿದ್ದಿದ್ದೀತು.

ಅಪ್ಪ ಮತ್ತೆ ಬರಲಿಲ್ಲ. ಆ ಬೇಸಿಗೆಯಲ್ಲಿ ನಾಲ್ಕು ದಿನ ಜ್ವರ ಬಂದು, ಐದನೆಯ ದಿನ ಬೆಳಿಗ್ಗೆ ಹೋಗಿಬಿಟ್ಟ. ನಾನು ಕುರ್ಡಿ ಮುಟ್ಟುವ ಹೊತ್ತಿಗೆ ಭಜನೆಯವರು ತಾಳ ಹಿಡಿದು ಅಂಗಳದಲ್ಲಿ ನಿಂತಿದ್ದರು. ಅಕ್ಕ ಕುರ್ಡಿಗೆ ನನಗಿಂತ ಮೊದಲೇ ಬಂದು ಅಪ್ಪನ ಕಾಲ ಹತ್ತಿರ ಕೂತಿದ್ದಳು. ಡಾಂಬರು ಮೆತ್ತಿದ ತಂಬೂರಿಯನ್ನು ಅಪ್ಪನ ಎದೆಯ ಮೇಲೆ ಇಟ್ಟಿದ್ದರು. ಹಾಡಿದವನ ತಂಬೂರಿ ಅವನ ಜೊತೆಗೇ ಮಣ್ಣಿಗೆ ಹೋಗುವುದು ಅವರ ವಾಡಿಕೆ. ಇನ್ನೊಂದು ವಾಡಿಕೆಯೂ ಇತ್ತು. ಹಾಡಿದವನನ್ನು ಕಳಿಸುವಾಗ ಅವನದೇ ಪದ ಹೇಳುತ್ತ ಹೋಗಬೇಕು, ಅವನ ಬದಲಿಗೆ ಸಾಲನ್ನು ಮಗ ಎತ್ತಬೇಕು.

ಭಜನೆಯ ಹಿರಿಯರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಎತ್ತಪ, ನಾವು ಸೊಲ್ಲು ಹಿಡೀತೀವಿ."

ನಾನು ಬಾಯಿ ತೆರೆದೆ. ಈ ಸಲ ನಾಚಿಕೆ ಇರಲಿಲ್ಲ. ಯಾರು ಬೇಕಾದರೂ ನೋಡಲಿ, ನಗಲಿ, ದುಡ್ಡು ಹಾಕಲಿ ಎಂಬಂಥ ದುಃಖ. ಆದರೆ ಬಾಯಿಗೆ ಏನೂ ಬರಲಿಲ್ಲ. ನನಗೆ ಗೊತ್ತಿದ್ದದ್ದು ಕೊನೆಯ ಮಾತುಗಳು ಮಾತ್ರ. ಕೊಡ ತುಂಬಲಿಲ್ಲೋ. ಅದಕ್ಕೂ ಮೊದಲು ಬರುವುದು ಯಾವ ಮಾತು?

"ನಿಮಗ ಬರ್ತದಲ್ರೀ ಕಾಕಾ?" ಎಂದೆ.

"ನಮಗೆಲ್ಲಿ ಬರ್ತದ? ನಾವೂ ಸೊಲ್ಲು ಹಿಡದವರ" ಎಂದರು ಅವರು.

ಅಂಗಳದಲ್ಲಿ ನಿಂತ ಎಲ್ಲರಿಗೂ ಸಾಲುಗಳ ಬಾಲ ಗೊತ್ತಿತ್ತು. ತಲೆ ಗೊತ್ತಿದ್ದವನನ್ನು ಹೊರಲು ನಿಂತಿದ್ದೆವು. ಕೊನೆಗೆ ಎಲ್ಲ ಊರುಗಳಲ್ಲೂ ಎಲ್ಲರೂ ಹೇಳುವ ಒಂದು ಭಜನೆಯನ್ನು ಹೇಳುತ್ತ ಅಪ್ಪನನ್ನು ಒಯ್ದೆವು. ಅಪ್ಪನ ಪದ ಒಂದೂ ಅವನ ಜೊತೆಗೆ ಹೋಗಲಿಲ್ಲ ಎಂದು ಹೇಳಬೇಕೋ, ಎಲ್ಲವೂ ಹೋದವು ಎಂದು ಹೇಳಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಈ ಗಿಟಾರನ್ನು ನಾನು ಮಾರಲಿಲ್ಲ. ಕೇಳಿದವರಿದ್ದರು. ಕ್ಲಬ್ಬಿನ ಆ ಎಂಜಿನಿಯರು ಒಮ್ಮೆ ತಾವಾಗಿಯೇ ರೂಮಿಗೆ ಬಂದು ನೋಡಿ, "ಇದರ ಶ್ರುತಿ ಪೂರ್ತಿ ತಪ್ಪಾಗಿದೆ, ಕೊಡಿ, ಸರಿ ಮಾಡಿಕೊಡುತ್ತೇನೆ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಗಿಟಾರನ್ನು ಎದೆಗೆ ಒತ್ತಿ ಹಿಡಿದು, "ಬ್ಯಾಡ್ರಿ ಸರ, ಹಿಂಗ ಇರಲಿ" ಎಂದೆ. ಅವರು ವಿಚಿತ್ರವಾಗಿ ನೋಡಿದರು. ಗಾಳಿ, ಬಿಸಿಲಿಗೆ ತಂತಿ ಸಡಿಲಾದಾಗೆಲ್ಲ ನಾನು ಬ್ರೇಕ್ ತಂತಿಯನ್ನು ಮೊದಲು ಮೀಟಿ, ಉಳಿದವನ್ನು ಅದಕ್ಕೆ ಕೂಡಿಸುತ್ತೇನೆ. ಅದೂ ಇಷ್ಟು ವರ್ಷದಲ್ಲಿ ಸಡಿಲಾಗಿರಲಿಕ್ಕೂ ಸಾಕು. ಅಪ್ಪನ ದನಿ ಇಷ್ಟೇ ಎತ್ತರ ಇತ್ತೇ, ಸ್ವಲ್ಪ ಕೆಳಗಿತ್ತೇ ಎಂದು ಕೇಳಲು ಯಾರೂ ಇಲ್ಲ.

ಮೊನ್ನೆ ದೇವದುರ್ಗಕ್ಕೆ ಅದನ್ನು ಒಯ್ದಿದ್ದು ಅಕ್ಕನನ್ನು ಕೇಳುವುದಕ್ಕೇ. ಸೈಕಲ್ ಅಂಗಡಿಯಿಂದ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕೂತೆ. ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಯಕ್ಕಾ, ಅಪ್ಪನ ಕೊಡದ ಪದ ನೆನಪದ ಏನು? ಅವ ಎತ್ತತಿದ್ದ ಸಾಲು?"

"ನನಗ ಹ್ಯಾಂಗ ನೆನಪಿರ್ತದೋ ತಮ್ಮಾ? ನಾ ಒಲಿ ಮುಂದ ಇರ್ತಿದ್ದೆ. ಬಾಜೂಕ ಕುಂತಾವ ನೀನು."

ಹೌದು, ಬಾಜೂಕ ಕೂತವನು ನಾನು. ಅಕ್ಕ ಬೇಕೆಂದು ಚುಚ್ಚಿದ್ದಲ್ಲ, ಇದ್ದದ್ದನ್ನು ಹೇಳಿದಳು. ನಾನು ಗಿಟಾರನ್ನು ಅಪ್ಪ ಹಿಡಿದ ಹಾಗೆ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡೆ. ಬಲಕ್ಕೆ ಒಬ್ಬರು ಕೂರುವಷ್ಟು ಜಾಗ ಬಿಟ್ಟೆ. ಮೀಟುತ್ತ ಹೋದೆ. ಎಷ್ಟು ಹೊತ್ತು ಮೀಟಿದರೆ ಒಂದು ಸಾಲಾಗುತ್ತದೆ ಎಂಬುದು ನನ್ನ ಮೈಗೆ ಗೊತ್ತು. ಐದು ವರ್ಷದವನಿದ್ದಾಗಿನಿಂದ ಕಾದು ಕಾದು ಕಲಿತದ್ದು ಅದೊಂದನ್ನೇ. ಅಷ್ಟು ಹೊತ್ತು ಕಾದು, ಸೊಲ್ಲು ಹಿಡಿದೆ.

"ಕೊಡ ತುಂಬಲಿಲ್ಲೋ..."

ನನ್ನ ದನಿ ಕೇಳಿ ಅಕ್ಕ ತಿರುಗಿ ನೋಡಿದಳು. ನಾನು ಮತ್ತೆ ಮೀಟುತ್ತ ಸುಮ್ಮನಾದೆ.

"ಚಂದ ಹಾಡ್ತಿದ್ದಿ. ಯಾಕ ಸುಮ್ನಾದಿ?" ಎಂದಳು.

"ತಡೀ ಯಕ್ಕಾ" ಎಂದೆ. "ಅಪ್ಪನ ಸಾಲು ಇನ್ನಾ ಮುಗಿದಿಲ್ಲ."

ಅಕ್ಕ ಹಿಟ್ಟಿನ ಕೈಯನ್ನು ಹಾಗೆಯೇ ಹಿಡಿದುಕೊಂಡು ಕೂತಳು. ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. ಇಬ್ಬರೂ ಕಾದೆವು.